ಹೊರಗೆ ಹಾಕಿದ ಹುಡುಗ ಎಲ್ಲಿಗೆ ಹೋದ?

ಈ ಸಲದ ಟಪಾಲಿನಲ್ಲಿ ದಾವಣಗೆರೆಯ ತಾಯಿಯೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಆರು ಪುಟವನ್ನು ಇಷ್ಟಕ್ಕೆ ಇಳಿಸಿದ್ದೇನೆ:

“ನನ್ನ ಮಗಳು ಖಾಸಗಿ ಶಾಲೆಯಲ್ಲಿ ಏಳನೇ ಕ್ಲಾಸು. ಕ್ಲಾಸಿನಲ್ಲಿ 52 ಮಕ್ಕಳು. ಅದರಲ್ಲಿ ಒಬ್ಬ ಹುಡುಗನದ್ದೇ ಕಾಟ. ಪಾಠ ನಡೆಯುವಾಗ ಶಿಳ್ಳೆ ಹಾಕುತ್ತಾನೆ, ಬೇರೆಯವರ ಬ್ಯಾಗ್ ಬಚ್ಚಿಡುತ್ತಾನೆ, ಮಿಸ್ ಬೋರ್ಡಿನ ಕಡೆ ತಿರುಗಿದರೆ ಸೀಮೆಸುಣ್ಣ ಎಸೆಯುತ್ತಾನೆ. ಅರ್ಧ ಪೀರಿಯಡ್ ಅವನನ್ನು ಸುಮ್ಮನಿರಿಸುವುದರಲ್ಲೇ ಮುಗಿಯುತ್ತದೆ. ಪೋಷಕರ ಸಭೆಯಲ್ಲಿ ಟಿ.ಸಿ. ಕೊಟ್ಟು ಕಳಿಸಿ ಎಂದೆವು. ಕಾನೂನು ಬಿಡುವುದಿಲ್ಲ ಎಂದರು. ಒಂದು ಕೊಳೆತ ಮಾವಿನಹಣ್ಣು ಇಡೀ ಬುಟ್ಟಿ ಕೆಡಿಸುತ್ತದೆ. ಒಬ್ಬನಿಗಾಗಿ 51 ಮಕ್ಕಳು ಯಾಕೆ ಅನುಭವಿಸಬೇಕು?”

ಮೇಡಂ, ನಿಮ್ಮ ಸಿಟ್ಟು ಸುಳ್ಳಲ್ಲ. ನಿಮ್ಮ ಮಗಳ ಪಾಠ ಹಾಳಾಗುತ್ತಿರುವುದು ನಿಜ, ಆ ಮಿಸ್ ಗಂಟಲು ಹರಿಯುತ್ತಿರುವುದೂ ನಿಜ. ಬೇರೆ ಮಕ್ಕಳ ಮೈಮೇಲೆ ಕೈ ಮಾಡುವ ಹುಡುಗನಾಗಿದ್ದರೆ ನಾನೂ ಬೇರೆ ಥರ ಬರೆಯುತ್ತಿದ್ದೆ. ಆದರೆ ಶಿಳ್ಳೆ, ಬ್ಯಾಗು, ಸೀಮೆಸುಣ್ಣ? ಇಷ್ಟಕ್ಕೆ ಕೊಳೆತ ಹಣ್ಣು ಅಂದುಬಿಟ್ಟಿರಲ್ಲ! ಏಳನೇ ಕ್ಲಾಸಿನ ಹುಡುಗ ಇನ್ನೂ ಮಿಡಿಗಾಯಿ.

ಮೊದಲು ಕಾನೂನಿನ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಐದು ಮತ್ತು ಎಂಟರಲ್ಲಿ ಫೇಲ್ ಮಾಡಲು ದಾರಿ ಬಿಟ್ಟರು, ಹೊರಗೆ ಹಾಕಲು ಬಿಡಲಿಲ್ಲ. ನಿಮ್ಮ ಶಾಲೆಯವರು ಹೇಳಿದ್ದು ಸರಿ. ಆದರೆ ಅದೇ ಕಾಯ್ದೆ ಆರರಿಂದ ಎಂಟನೇ ಕ್ಲಾಸಿನವರೆಗೆ 35 ಮಕ್ಕಳಿಗೆ ಕನಿಷ್ಠ ಒಬ್ಬ ಶಿಕ್ಷಕರು ಇರಬೇಕು ಅನ್ನುತ್ತದೆ. ಅದನ್ನು ಸಭೆಯಲ್ಲಿ ಯಾರಾದರೂ ಓದಿ ಹೇಳಿದರಾ? 52ರಲ್ಲಿ 35 ಕಳೆದರೆ 17. ಆ ಕೋಣೆಯಿಂದ ಹೊರಗೆ ಹೋಗಬೇಕಾದವರು ಒಬ್ಬನಲ್ಲ, 17 ಮಕ್ಕಳು. ಪಕ್ಕದ ಸೆಕ್ಷನ್‌ಗೆ, ಇನ್ನೊಬ್ಬ ಟೀಚರ್ ಹತ್ತಿರ. ಫೀಸು 52 ಮಕ್ಕಳದ್ದೂ ತಗೊಂಡಿದ್ದಾರೆ, ಅಲ್ವಾ? ನಿಮ್ಮ ಪತ್ರದಲ್ಲಿ ಈ ಸಂಖ್ಯೆ ಒಂದೇ ಸಲ ಬಂದಿದೆ, ಅದೂ ಸುಮ್ನೆ ಮಾತಿಗೆ. ಆ ಹುಡುಗನ ಹೆಸರು ಹನ್ನೊಂದು ಸಲ ಬಂದಿದೆ. ಎಣಿಸಿದೆ. ಅಚ್ಚಿಗೆ ಕೊಡುವಾಗ ಎಲ್ಲಾ ಕಡೆ ಹೊಡೆದುಹಾಕಿದ್ದೇನೆ.

ನಾನು ಓದಿದ್ದು ಒಂದು ತಾಲ್ಲೂಕು ಕೇಂದ್ರದ ಹೈಸ್ಕೂಲಿನಲ್ಲಿ. ಎಂಟನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ವಾರಕ್ಕೆ ನಾಲ್ಕು ದಿನ ಹೊರಗೇ ಇರುತ್ತಿದ್ದ. ಮಾಡುತ್ತಿದ್ದದ್ದು ನಿಮ್ಮ ಹುಡುಗನ ಥರದ್ದೇ ಕಿತಾಪತಿ. ಮೇಷ್ಟ್ರು ಬಾಗಿಲು ತೋರಿಸಿದರೆ ಎದ್ದು ಹೋಗಿ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದ. ಸರಳಿಗೆ ಹಸಿರು ಬಣ್ಣ ಬಳಿದಿದ್ದರು. ಅವನು ಕೈವಾರದ ಮೊನೆಯಿಂದ ಅದನ್ನು ಕೆರೆದು ಕೆರೆದು, ಅವನು ನಿಲ್ಲುವ ಜಾಗದಲ್ಲಿ ಬರೀ ಕಬ್ಬಿಣ ಉಳಿದಿತ್ತು. ಒಂದು ದಿನ ಮೇಷ್ಟ್ರು ಬಾಯಿಲೆಕ್ಕ ಕೇಳುತ್ತಿದ್ದರು. ಹದಿನೇಳೆಂಟ್ಲಿ ಎಷ್ಟು? ಒಳಗಿದ್ದ ನಾವೆಲ್ಲ ಸೂರು ನೋಡುತ್ತಿದ್ದೆವು. ಕಿಟಕಿಯಿಂದ ಬಂತು ಉತ್ತರ: “ನೂರ ಮೂವತ್ತಾರು ಸಾರ್.” ಅವನ ಅಪ್ಪ ಸಂತೆಯಲ್ಲಿ ತರಕಾರಿ ಮಾರುತ್ತಿದ್ದರು, ಲೆಕ್ಕ ಅವನಿಗೆ ಅಲ್ಲೇ ಬಂದಿತ್ತು.

ಮೇಷ್ಟ್ರು ಹೋಗಿ ಕಿಟಕಿ ಬಾಗಿಲು ಹಾಕಿದರು.

ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಯಾರೂ ಕೇಳಲಿಲ್ಲ. ಹಾಜರಿ ಕರೆಯುವಾಗ ಅವನ ನಂಬರಿಗೆ ನಾವೆಲ್ಲ “ಆಬ್ಸೆಂಟ್ ಸಾರ್” ಅಂತ ಒಟ್ಟಿಗೆ ಕೂಗುತ್ತಿದ್ದೆವು, ಆಮೇಲೆ ಆ ನಂಬರೂ ಹೋಯಿತು. ಮುಂದಿನ ವರ್ಷ ಸೈಕಲ್ ಶಾಪಿನಲ್ಲಿ ಸಿಕ್ಕ. ನನ್ನ ಸೈಕಲ್ಲಿಗೆ ಪಂಕ್ಚರ್ ಹಾಕಿಕೊಟ್ಟ, ಕಾಸು ತಗೊಳ್ಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಕ್ಲಾಸಿನಲ್ಲಿ ಅವನ ಕಿತಾಪತಿಗೆಲ್ಲ ಮೊದಲು ನಗುತ್ತಿದ್ದವನು ನಾನೇ ಅನ್ನುವುದು ನನಗೆ ಈಗಲೂ ನೆನಪಾಗುತ್ತದೆ.

ನಮ್ಮ ತಾತ ಐಗಳ ಮಠದಲ್ಲಿ, ಅಂದರೆ ಹಳೇ ಕಾಲದ ಊರ ಮೇಷ್ಟ್ರ ಶಾಲೆಯಲ್ಲಿ ಓದಿದವರು. ಅಲ್ಲಿನ ಕೋದಂಡದ ಕಥೆ ಹೇಳುತ್ತಿದ್ದರು. ಸೂರಿಗೆ ಕಟ್ಟಿದ ಹಗ್ಗ ಹಿಡಿದು ಹುಡುಗ ಜೋತಾಡಬೇಕು, ಕೈ ಸೋತರೂ ಬಿಡುವಂತಿಲ್ಲ. ಅದು ಶುದ್ಧ ಕ್ರೌರ್ಯ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ, ಒಳ್ಳೆಯದೇ ಆಯಿತು. ಆದರೆ ತಾತ ಇನ್ನೊಂದು ಮಾತೂ ಹೇಳುತ್ತಿದ್ದರು. ಹುಡುಗ ತಪ್ಪಿಸಿಕೊಂಡರೆ ಐಗಳು ನಾಲ್ಕು ದೊಡ್ಡ ಹುಡುಗರನ್ನು ಕಳಿಸಿ, ಅಟ್ಟದ ಮೇಲಿದ್ದರೂ ಇಳಿಸಿ, ಕೈಕಾಲು ಹಿಡಿದು ಹೊತ್ತು ತರಿಸುತ್ತಿದ್ದರಂತೆ. ಒಳಗೆ ಎಳೆದು ತರುವ ಆ ಹಟವನ್ನೂ ನಾವು ಬೆತ್ತದ ಜೊತೆಗೇ ಬಿಟ್ಟುಬಿಟ್ಟೆವೇನೋ.

ಇಂಗ್ಲೆಂಡಿನಲ್ಲಿ ಹೊರಗೆ ಹಾಕುತ್ತಾರಲ್ಲ ಅನ್ನಬಹುದು. ಹಾಕುತ್ತಾರೆ. 2022–23ರ ಒಂದೇ ವರ್ಷ ಸುಮಾರು 9,400 ಸಲ ಕಾಯಂ ಆಗಿ ಹಾಕಿದ್ದಾರೆ. ಹೀಗೆ ಹೊರಗೆ ಹೋಗುವವರು ಯಾರು ಅಂತ 2019ರಲ್ಲಿ ಎಡ್ವರ್ಡ್ ಟಿಂಪ್ಸನ್ ಅಲ್ಲಿನ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿದೆ. ಶೇ 78ರಷ್ಟು ಮಕ್ಕಳು ಕಲಿಕೆಗೆ ವಿಶೇಷ ನೆರವು ಬೇಕಾದವರು, ಇಲ್ಲವೇ ಉಚಿತ ಊಟಕ್ಕೆ ಅರ್ಹರಾದ ಬಡವರು, ಇಲ್ಲವೇ ಮನೆಯ ಪರಿಸ್ಥಿತಿ ಕೆಟ್ಟು ಸರ್ಕಾರದ ಆಸರೆ ಬೇಕಾದವರು. ಅಲ್ಲಿ ಕೊನೇಪಕ್ಷ ಇನ್ನೊಂದು ನಿಯಮವಿದೆ: ಆರನೇ ಶಾಲಾದಿನಕ್ಕೆ ಆ ಮಗುವಿಗೆ ಬೇರೆ ಕಡೆ ಪಾಠ ಶುರುವಾಗಬೇಕು. ನಮ್ಮಲ್ಲಿ ಆರನೇ ದಿನಕ್ಕೆ ಏನಿದೆ? ಗ್ಯಾರೇಜು.

ಇಟಲಿಯ ಬಾರ್ಬಿಯಾನಾ ಎಂಬ ಬೆಟ್ಟದ ಊರಿನಲ್ಲಿ ಲೊರೆನ್ಜೊ ಮಿಲಾನಿ ಎಂಬ ಪಾದ್ರಿ ಒಂದು ಶಾಲೆ ನಡೆಸುತ್ತಿದ್ದರು. 1967ರಲ್ಲಿ ಅಲ್ಲಿನ ಎಂಟು ಹುಡುಗರು ಸೇರಿ, ತಮ್ಮಂಥವರನ್ನು ಫೇಲ್ ಮಾಡಿ ಕಳಿಸುವ ಟೀಚರಿಗೆ ಒಂದು ಪುಸ್ತಕದಷ್ಟು ಉದ್ದದ ಕಾಗದ ಬರೆದರು. ಹೊರಬೀಳುವ ಮಕ್ಕಳ ಅಪ್ಪಂದಿರು ಏನು ಕೆಲಸ ಮಾಡುತ್ತಾರೆ ಅಂತ ಅಂಕಿ ಅಂಶ ಹಾಕಿ ತೋರಿಸಿದ್ದಾರೆ. ನಿಮ್ಮ ಪತ್ರ ಓದಿದ ರಾತ್ರಿ ಅದನ್ನು ಮತ್ತೆ ತೆಗೆದೆ. ನೀವು ಬರೆದಿರುವುದು ಒಳಗಿನವರ ಕಾಗದ, ಅವರು ಬರೆದಿದ್ದು ಹೊರಗಿನವರದು.

ಇನ್ನು ನನ್ನ ಹಳೇ ಗೋಳು, ಓದುಗರು ಸಹಿಸಿಕೊಳ್ಳಬೇಕು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದರೆ ಸರ್ಕಲ್ಲು ಸರ್ಕಲ್ಲಿನಲ್ಲೂ ಫ್ಲೆಕ್ಸ್: ಶೇ 100 ಫಲಿತಾಂಶ! ಎಂಟು ಮುಗಿದ ಮೇಲೆ ಕಾನೂನಿನ ಕಾವಲು ಇಲ್ಲ ನೋಡಿ. ಒಂಬತ್ತರ ಕೊನೆಗೆ ಅಪ್ಪನನ್ನು ಕರೆಸಿ, “ನಿಮ್ಮ ಹುಡುಗನಿಗೆ ಇಲ್ಲಿ ಆಗಲ್ಲ, ನೀವೇ ಬರೆದುಕೊಡಿ” ಅನ್ನುತ್ತಾರೆ. ಟಿ.ಸಿ.ಯಲ್ಲಿ ‘ಪೋಷಕರ ಕೋರಿಕೆಯ ಮೇರೆಗೆ’ ಅಂತ ಬೀಳುತ್ತದೆ. ಆ ಅಪ್ಪ ಏನನ್ನು ಕೋರಿದ್ದ ಪಾಪ! ಫ್ಲೆಕ್ಸಿನಲ್ಲಿ ಇಂಥ ಟಿ.ಸಿ.ಗಳ ಲೆಕ್ಕವೂ ಇರಲಿ ಅಂತ ನಾನು ಇದೇ ಪುಟದಲ್ಲಿ ಎಷ್ಟು ಸಲ ಬರೆದೆನೋ.

ಪಾಠ ಕೆಡಿಸುವ ಮಾತಿಗೇ ಬರೋಣ. 2025ರ ದಸರಾದಲ್ಲಿ ಮೇಷ್ಟ್ರುಗಳು ರಾಜ್ಯ ಸರ್ಕಾರದ ಜಾತಿ ಸಮೀಕ್ಷೆಗೆ ಮನೆ ಮನೆ ಸುತ್ತಿದರು. ಸರ್ಕಾರಿ, ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಹೋಯಿತು. ಸಮೀಕ್ಷೆ ಬೇಡ ಅನ್ನುತ್ತಿಲ್ಲ. ಯಾವ ಹುಡುಗ ಎಷ್ಟು ಶಿಳ್ಳೆ ಹಾಕಿದರೆ ಅಷ್ಟು ಪೀರಿಯಡ್ ಕೆಡಿಸಬಲ್ಲ, ಹೇಳಿ? ದೊಡ್ಡವರಿಗೆ ಟಿ.ಸಿ. ಕೊಡುವ ಪದ್ಧತಿ ಇಲ್ಲ, ಅಷ್ಟೇ.

ಹಾಗಾದರೆ ಏನು ಮಾಡೋದು ಅಂತ ಕೇಳುತ್ತೀರಿ. ಹತ್ತು ನಿಮಿಷ ಪಕ್ಕದ ಕ್ಲಾಸಿನಲ್ಲಿ ಕೂರಿಸಿ, ಕೈಗೊಂದು ಕೆಲಸ ಕೊಟ್ಟು, ಬೆಲ್ ಹೊಡೆಯುವ ಮುಂಚೆ ವಾಪಸ್ ಕರೆಸಿದರೆ ನನ್ನ ತಕರಾರಿಲ್ಲ. ವರಾಂಡದಲ್ಲಿ ನಿಲ್ಲಿಸಿ ಮರೆಯುವುದಕ್ಕೆ ತಕರಾರಿದೆ. ಮುಂದಿನ ಸಭೆಯಲ್ಲಿ ಟಿ.ಸಿ. ಬದಲು ಇನ್ನೊಂದು ಸೆಕ್ಷನ್ ಕೇಳಿ. 52 ಮನೆಯವರು ಒಟ್ಟಿಗೆ ಕೇಳಿದರೆ ಆಡಳಿತ ಮಂಡಳಿಯವರು ಹೇಗೆ ಇಲ್ಲ ಅನ್ನುತ್ತಾರೋ ನೋಡೋಣ. ಆ ಹುಡುಗನ ಅಪ್ಪ ಅಮ್ಮನನ್ನೂ ಸೇರಿಸಿಯೇ 52.

ಒಂದು ಸಂಶಯ ಉಳಿದಿದೆ. ಆರು ಪುಟದಲ್ಲಿ ನಿಮ್ಮ ಮಾತಿದೆ, ಮಿಸ್ ಮಾತಿದೆ, ಬೇರೆ ಪೋಷಕರದ್ದಿದೆ. ಆ ಹುಡುಗನ ಬಗ್ಗೆ ನಿಮ್ಮ ಮಗಳು ಏನಂತಾಳೆ ಅನ್ನೋದು ಎಲ್ಲೂ ಇಲ್ಲ. ಕೇಳಿ ಬರೆಯುತ್ತೀರಾ? ಅವಳೇ ಬರೆದರೆ ಇನ್ನೂ ಒಳ್ಳೆಯದು, ಒಂದು ಪುಟ ಸಾಕು.

— ಸಂಪಾದಕ