ಬೂಟಿನ ಡಬ್ಬಿಯಲ್ಲಿ ಪಿಕಳಾರದ ಮರಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಕಾಂಪೌಂಡಿನ ದಾಸವಾಳ ಗಿಡದ ಕೆಳಗೆ ಒಂದು ಹಕ್ಕಿ ಮರಿ ಕೂತಿತ್ತು. ಪಕ್ಕದ ಮನೆ ಬೆಕ್ಕು ಹಿಡಿದೀತು ಅಂತ ಮಗ ಎತ್ತಿಕೊಂಡು ಬಂದ. ಬೂಟಿನ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟಿದ್ದೇವೆ. ಇಂಕ್ ಫಿಲ್ಲರಿನಲ್ಲಿ ಹಾಲು ಕೊಟ್ಟರೆ ಬಾಯಿ ಬಿಡ್ತಿಲ್ಲ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸಲ್ಲ ಅಂತಾರೆ ನಮ್ಮ ಅತ್ತೆ. ಕೊಕ್ಕರೆ ಬೆಳ್ಳೂರಿನಲ್ಲಿ ಬಿದ್ದ ಮರಿಗಳನ್ನು ಊರವರೇ ಸಾಕ್ತಾರಂತೆ, ನಾವೂ ಸಾಕೋಣ ಅಂತಾನೆ ಮಗ. ಏನು ಮಾಡಲಿ?
– ಒಬ್ಬ ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಅಚ್ಚಾಗುವವರೆಗೆ ಕಾಯುವ ಪ್ರಶ್ನೆ ಇದಲ್ಲ. ಹಾಗಾಗಿ ಅವತ್ತೇ ನಿಮಗೆ ಫೋನ್ ಮಾಡಿದೆ. ಮಿಕ್ಕವರಿಗೂ ಬೇಕಾಗುತ್ತೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಫಿಲ್ಲರ್ ಕೆಳಗಿಡಿ ಅಂದೆ, ನೆನಪಿದೆಯಲ್ಲಮ್ಮ? ಹಕ್ಕಿಯ ಉಸಿರಿನ ಕೊಳವೆಯ ಬಾಯಿ ನಾಲಿಗೆಯ ಹಿಂದೆಯೇ ಇರುತ್ತೆ. ನಾವು ಸುರಿದ ನೀರು, ಹಾಲು ಸೀದಾ ಅದರೊಳಗೆ ಹೋಗಬಹುದು. ಹಾಗೆ ಹೋಗದಿದ್ದರೂ ಹಾಲು ಹಕ್ಕಿಗೆ ಅರಗುವ ವಸ್ತುವಲ್ಲ. ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಮಂಡ್ಯ ಸೀಮೆಯ ನಮ್ಮೂರಿನ ನಾಲೆ ಏರಿ ಮೇಲೆ ಒಂದು ಗೊರವಂಕದ ಮರಿ ಸಿಕ್ಕಿತ್ತು. ನನಗಾಗ ಒಂಬತ್ತು ವರ್ಷ. ಆಗ ತಾನೇ ಕರೆದ ನೊರೆಹಾಲಿನಲ್ಲಿ ಹತ್ತಿ ಅದ್ದಿ, ರಾತ್ರಿವರೆಗೂ ಅದರ ಬಾಯಿಗೆ ಹಿಂಡಿದೆ. ಬೆಳಗ್ಗೆ ಸೆಟೆದುಕೊಂಡಿತ್ತು. ಆಯಸ್ಸು ಮುಗಿದಿತ್ತು ಬಿಡು ಅಂದಳು ಅಜ್ಜಿ. ಪಶುವೈದ್ಯ ಓದುವಾಗ ಹಕ್ಕಿಯ ಗಂಟಲಿನ ಪಾಠ ಬಂತು ನೋಡಿ, ಆವತ್ತು ಗೊತ್ತಾಯ್ತು ಯಾರು ಮುಗಿಸಿದ್ದು ಅಂತ.

ನೀವು ಕಳಿಸಿದ ಫೋಟೋದಲ್ಲಿದ್ದದ್ದು ಪಿಕಳಾರದ, ಅಂದರೆ ಬುಲ್‌ಬುಲ್ ಹಕ್ಕಿಯ ಮರಿ. ಮೈತುಂಬ ಪುಕ್ಕ ಇತ್ತು. ಬಾಲ ಮೋಟು. ಬಾಯಂಚಿನಲ್ಲಿ ಇನ್ನೂ ಹಳದಿ. ಬೆರಳ ಮೇಲೆ ಕೂರಿಸಿ ನೋಡಿ ಅಂದಾಗ "ಗಟ್ಟಿಯಾಗಿ ಹಿಡ್ಕೊಂಡಿದೆ ಡಾಕ್ಟ್ರೇ" ಅಂದಿರಿ. ಅಲ್ಲಿಗೆ ಮುಗಿಯಿತು. ಅದು ಬಿದ್ದ ಮರಿಯಲ್ಲ, ಗೂಡು ಬಿಟ್ಟ ಮರಿ. ಪಿಕಳಾರದ ಮರಿಗಳು ಮೊಟ್ಟೆಯೊಡೆದು ಎರಡು ವಾರ ತುಂಬುವ ಮೊದಲೇ ಗೂಡಿನಿಂದ ಹೊರಗೆ ಹಾರುತ್ತವೆ. ಹಾರುತ್ತವೆ ಅನ್ನೋದಕ್ಕಿಂತ ಧುಮುಕುತ್ತವೆ ಅನ್ನಬೇಕು. ಆಮೇಲೆ ಕೆಲವು ದಿನ ಗಿಡದ ಬುಡದಲ್ಲಿ, ತಗ್ಗಿನ ಕೊಂಬೆಯಲ್ಲಿ ಕುಪ್ಪಳಿಸಿಕೊಂಡೇ ರೆಕ್ಕೆ ಬಲಿಸಿಕೊಳ್ಳುತ್ತವೆ. ಅಪ್ಪ ಅಮ್ಮ ಅಲ್ಲೇ ಸುತ್ತಮುತ್ತ ಇದ್ದು ಹುಳು ತಂದು ಕೊಡುತ್ತಿರುತ್ತವೆ. ನಾವು ನಿಂತಿದ್ದರೆ ಹತ್ತಿರ ಬರಲ್ಲ, ಅಷ್ಟೇ. ಅದನ್ನು ನೋಡಿ ನಾವು ಅನಾಥ ಮರಿ ಅಂದುಕೊಳ್ಳುತ್ತೇವೆ. ನಿಮ್ಮ ಮಗ ಮಾಡಿದ್ದು, ಬೇಜಾರು ಮಾಡ್ಕೋಬೇಡಿ, ಒಂಥರಾ ಮಕ್ಕಳ ಕಳ್ಳತನ.

ಅದೇ ದಾಸವಾಳದ ಒತ್ತಾದ ಕೊಂಬೆ ಮೇಲೆ ಬಿಟ್ಟು, ಬೆಕ್ಕಿನವರಿಗೆ ಒಂದು ಮಾತು ಹೇಳಿ, ಒಳಗೆ ಹೋಗಿ ಕಿಟಕಿಯಿಂದ ನೋಡಿ ಅಂದೆ. ಮುಕ್ಕಾಲು ಗಂಟೆ ಆದ ಮೇಲೆ ನಿಮ್ಮ ಮಗನೇ ಫೋನ್ ಮಾಡಿದ: "ತಾತಾ, ಮಿಡತೆ ತಂತು!"

ಅತ್ತೆಯವರ ಮಾತಿಗೆ ಬರೋಣ. ಅದು ನಿಜವಲ್ಲ. ಇಷ್ಟು ದಿನ ಗುಟುಕು ಕೊಟ್ಟು ಬೆಳೆಸಿದ ಮರಿಯನ್ನು ಮನುಷ್ಯರ ಕೈ ತಾಗಿತು ಅಂತ ಹಕ್ಕಿ ಬಿಟ್ಟುಹೋಗುವುದಿಲ್ಲ. ಮೊಟ್ಟೆ ಇರುವಾಗ ಪದೇಪದೇ ಹೋಗಿ ಇಣುಕಿದರೆ ಗೂಡು ಬಿಟ್ಟು ಹೋಗುವುದುಂಟು. ಬಹುಶಃ ಅದನ್ನು ಕಂಡವರೇ ಈ ಮಾತು ಹುಟ್ಟಿಸಿರಬೇಕು. ಆ ಮಾತಿಗೆ ಹೆದರಿ ಎಷ್ಟೋ ಮಕ್ಕಳು ಗೂಡಿಗೆ ಕೈ ಹಾಕಿಲ್ಲ, ಆದ್ದರಿಂದ ಅತ್ತೆಯವರ ಜೊತೆ ಜಾಸ್ತಿ ವಾದ ಮಾಡಬೇಡಿ.

ಮರಿ ಬರಿ ಮೈಯಲ್ಲಿದ್ದರೆ, ಕಣ್ಣು ಬಿಡದಿದ್ದರೆ ಬೇರೆ ಮಾತು. ಅದು ನಿಜಕ್ಕೂ ಬಿದ್ದದ್ದೇ. ಮೈ ತಣ್ಣಗಿದ್ದರೆ ಅಂಗೈಯೊಳಗೆ ಇಟ್ಟು ಬೆಚ್ಚಗೆ ಮಾಡಿ, ಗೂಡು ಕೈಗೆ ಎಟುಕಿದರೆ ವಾಪಸ್ ಇಡಿ. ಗೂಡೇ ಕಿತ್ತುಬಿದ್ದಿದ್ದರೆ ಸಣ್ಣ ಬಿದಿರು ಬುಟ್ಟಿಯಲ್ಲಿ ಒಣಹುಲ್ಲು ಹಾಸಿ ಅದೇ ಕೊಂಬೆಗೆ ಕಟ್ಟಿ. ಮಳೆನೀರು ಬುಟ್ಟಿಯಲ್ಲಿ ನಿಲ್ಲಬಾರದು. ಹತ್ತಿ ಮಾತ್ರ ಬೇಡ, ಎಳೆ ಕಾಲುಗುರಿಗೆ ಸುತ್ತಿಕೊಳ್ಳುತ್ತೆ.

ಬೆಕ್ಕು ಬಾಯಿ ಹಾಕಿದ ಮರಿ ಮೇಲ್ನೋಟಕ್ಕೆ ಚೆನ್ನಾಗಿ ಕಂಡರೂ ನಂಬಬೇಡಿ. ಬೆಕ್ಕಿನ ಎಂಜಲಿನ ಸೋಂಕು ಸೂಜಿ ಚುಚ್ಚಿದಷ್ಟು ಗಾಯದಿಂದಲೂ ಒಂದೆರಡು ದಿನದಲ್ಲಿ ಕೊಲ್ಲಬಹುದು. ಅಂಥದ್ದಕ್ಕೆ, ರೆಕ್ಕೆ ಮುರಿದದ್ದಕ್ಕೆ, ತಾಯಿ ಸತ್ತದ್ದು ಕಣ್ಣಾರೆ ಕಂಡಿದ್ದಕ್ಕೆ ಮಾತ್ರ ಡಬ್ಬಿ. ಗಾಳಿಗೆ ತೂತು ಮಾಡಿ, ಬಟ್ಟೆ ಹಾಸಿ, ಮುಚ್ಚಿ ಕತ್ತಲಲ್ಲಿಡಿ. ಊಟ ಇಲ್ಲ, ನೀರು ಇಲ್ಲ, ಸೆಲ್ಫಿ ಇಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್‌ನವರನ್ನೂ ಕೇಳಬಹುದು.

ಇನ್ನು ನಿಮ್ಮ ಮಗನ ಕೊಕ್ಕರೆ ಬೆಳ್ಳೂರು. ಹುಡುಗ ಹೇಳಿದ್ದು ಸರಿ. ಅಲ್ಲಿ ಎತ್ತರದ ಮರಗಳಿಂದ ಬಿದ್ದ ಹೆಜ್ಜಾರ್ಲೆ (ಪೆಲಿಕನ್) ಮರಿಗಳನ್ನು ಬೇಲಿಯೊಳಗಿಟ್ಟು ಮೀನು ಹಾಕಿ ಬೆಳೆಸಿದ್ದಾರೆ. ಅಷ್ಟು ಮೇಲಿನ ಗೂಡಿಗೆ ಮರಿಯನ್ನು ಮತ್ತೆ ಏರಿಸುವವರು ಯಾರು? ಅದೂ ಅಲ್ಲದೆ ತಲೆಮಾರುಗಳಿಂದ ಆ ಹಕ್ಕಿಗಳ ಜೊತೆ ಬಾಳಿದವರು ಅವರು. ನಮ್ಮ ಪಿಕಳಾರದ ಮರಿಗೆ ಬೆಳಗಿನಿಂದ ಸಂಜೆವರೆಗೆ ಗಂಟೆಗೆ ಹಲವು ಸಲ ಹುಳು ಬೇಕು. ಸ್ಕೂಲಿಗೆ ಹೋಗೋ ಹುಡುಗನ ಕೈಲಿ ಆಗುತ್ತಾ? ಕಾಡುಹಕ್ಕಿಗಳನ್ನು ಮನೆಯಲ್ಲಿಟ್ಟು ಸಾಕುವುದಕ್ಕೆ 1972ರ ವನ್ಯಜೀವಿ ಕಾಯ್ದೆಯೂ ಅಡ್ಡ ಬರುತ್ತೆ. ಇದನ್ನು ಮೊದಲು ನೆನಪಿಟ್ಟುಕೊಳ್ಳಬೇಕಾದವರು ಗಿಳಿ ಸಾಕುವವರು, ಆ ಮಾತು ಇನ್ನೊಂದು ಸಲ.

ಪ್ರಶ್ನೆ: ಹೊಲದಲ್ಲಿ ಮೂರು ಮರಿ ಸಿಕ್ಕಿದವು. ಉದ್ದ ಕಾಲು, ಮಣ್ಣಿನ ಬಣ್ಣದ ಚುಕ್ಕೆ, ಕತ್ತಿನ ಹಿಂದೆ ಬಿಳಿ ಪಟ್ಟೆ ಇದೆ. ಸುತ್ತ ಎಲ್ಲೂ ಮರ ಇಲ್ಲ, ಗೂಡೂ ಇಲ್ಲ. ಕುಕ್ಕೆಯಲ್ಲಿ ಮುಚ್ಚಿಟ್ಟಿದ್ದೇನೆ. ಕೋಳಿ ಮರಿಗಳ ಜೊತೆ ಬಿಡಬಹುದಾ ಸಾರ್?
– ಒಬ್ಬ ರೈತರು, ಪಾಂಡವಪುರ

ಉತ್ತರ: ಬೇಡ ಸ್ವಾಮಿ! ಉದ್ದ ಕಾಲು, ಮಣ್ಣಿನ ಬಣ್ಣದ ಚುಕ್ಕೆ, ಕತ್ತಿನ ಹಿಂದೆ ಬಿಳಿ ಪಟ್ಟೆ ಅಂದಿರಲ್ಲ, ಅವು ಟಿಟ್ಟಿಭದ ಮರಿಗಳು. ಟಿಟ್ಟಿಭ ಮರದಲ್ಲಿ ಗೂಡು ಕಟ್ಟುವ ಹಕ್ಕಿಯೇ ಅಲ್ಲ. ಬರಿ ನೆಲದಲ್ಲಿ, ಕಲ್ಲುಚೂರಿನ ನಡುವೆ ಮೊಟ್ಟೆ ಇಡುತ್ತೆ. ಮರಿಗಳು ಹುಟ್ಟಿದ ದಿನವೇ ಓಡಾಡುತ್ತವೆ, ತಮ್ಮ ಹುಳು ತಾವೇ ಹೆಕ್ಕಿ ತಿನ್ನುತ್ತವೆ. ಅಪಾಯ ಕಂಡರೆ ಮಾತ್ರ ನೆಲಕ್ಕೆ ಅಂಟಿಕೊಂಡು ಕದಲದೆ ಕೂರುತ್ತವೆ. ಅದಕ್ಕೇ ನಿಮ್ಮ ಕೈಗೆ ಸಿಕ್ಕಿವೆ. ಕುಕ್ಕೆ ಎತ್ತಿಕೊಂಡು ಹೋಗಿ, ಎಲ್ಲಿ ಸಿಕ್ಕಿದವೋ ಅಲ್ಲೇ ಈಗಲೇ ಬಿಡಿ. ಕೂಗಾಡುತ್ತಾ ಎರಡು ಹಕ್ಕಿ ನಿಮ್ಮ ತಲೆ ಮೇಲೆ ಎರಗಿದರೆ ಹೊಡೆಯಬೇಡಿ. ಅವೇ ಅಪ್ಪ ಅಮ್ಮ.