ವಿಹಾನೋ, ನೃಪತುಂಗನೋ?

ತುಮಕೂರಿಂದ ಜರ್ಮನಿಗೆ ಬಂದು ಎಂಟು ತಿಂಗಳಾಯಿತು, ನವೆಂಬರ್‌ನಲ್ಲಿ ಮಗು ಬರುತ್ತೆ, ಗಂಡು ಅಂತ ಡಾಕ್ಟರ್ ಹೇಳಿದ್ದಾರೆ ಅಂತ ಬರೆದಿದ್ದೀರಿ. ನಿಮ್ಮ ಹೆಂಡತಿಗೆ 'ವಿಹಾನ್' ಇಷ್ಟ. ನಿಮಗೆ ಮನೆಮನೆಯಲ್ಲೂ ಇರುವ ಹೆಸರು ಬೇಡ, 'ನೃಪತುಂಗ' ಅಂತ ಇಡಬೇಕು. ಹದಿನಾಲ್ಕು ವರ್ಷ ಇಲ್ಲಿ ಇದ್ದವರು ಏನನ್ನುತ್ತೀರಿ ಅಂತ ಕೇಳಿದ್ದೀರಿ. ಮೊದಲು ಇಬ್ಬರಿಗೂ ಅಭಿನಂದನೆ. ಜಗಳ ನಿಲ್ಲಿಸಬೇಡಿ, ನಾವೂ ಎರಡು ಸಲ ಆಡಿದ್ದೇವೆ.

ಒಂದೇ ಹೆಸರಿನವರು ಎಷ್ಟು ಜನ ಇದ್ದಾರೆ ಅನ್ನುವ ಲೆಕ್ಕ ತುಮಕೂರಿನದು. ಇಲ್ಲಿ ಅದು ತಿರುವುಮುರುವು. ನನ್ನ ಮಗನ ಕಿಂಡರ್‌ಗಾರ್ಟನ್ ಗುಂಪಿನಲ್ಲಿ ನೋವಾ ಇಬ್ಬರು, ಎಮಿಲಿಯಾ ಇಬ್ಬರು. ಅಲ್ಲಿ ವಿಹಾನ್ ಬಂದರೂ ಒಬ್ಬನೇ, ನೃಪತುಂಗ ಬಂದರೂ ಒಬ್ಬನೇ. ಅದೇ ದೀಪಾವಳಿ ದಿನ ಕನ್ನಡದವರು ಸೇರುವ ಹಾಲ್‌ಗೆ ಹೋಗಿ 'ವಿಹಾನ್' ಅಂತ ಕೂಗಿ ನೋಡಿ, ಪಕೋಡ ಕೈಯಲ್ಲಿ ಹಿಡಿದು ಮೂರು ಹುಡುಗರು ತಿರುಗುತ್ತಾರೆ. ವರ್ಷವಿಡೀ ಅಪರೂಪ, ಹಬ್ಬದ ದಿನ ಮಾತ್ರ ಮಾಮೂಲಿ. ಹಾಗಾಗಿ ಆ ಪ್ರಶ್ನೆ ಬಿಟ್ಟುಬಿಡಿ. ಈ ಹೆಸರನ್ನು ಎಷ್ಟು ವರ್ಷ ತಿದ್ದೋಕೆ ನಿಮಗೆ ತಾಳ್ಮೆ ಇದೆ ಅನ್ನೋದನ್ನ ಕೇಳಿಕೊಳ್ಳಿ.

ಯಾಕೆ ಅಂತ ಹೇಳ್ತೀನಿ. ನಮ್ಮ ಮಗಳು ಜಾಹ್ನವಿ. ನನ್ನ ಅಮ್ಮ ಆರಿಸಿದ ಹೆಸರು, ಗಂಗೆಯ ಹೆಸರು. ಇಲ್ಲಿ ಇಂಗ್ಲಿಷಿನ 'ಜೆ' ಅಕ್ಷರವನ್ನು 'ಯ' ಅಂತ ಓದುತ್ತಾರೆ. ನಡುವೆ ಬರುವ 'ಎಚ್' ಅವರಿಗೆ ಉಸಿರಲ್ಲ, ಹಿಂದಿನ ಸ್ವರಕ್ಕೆ ದೀರ್ಘ. 'ವಿ' ಅಕ್ಷರ ಎಷ್ಟೋ ಪದಗಳಲ್ಲಿ 'ಫ' ಆಗುತ್ತೆ. ಅಂದ ಮೇಲೆ ನಮ್ಮ ಗಂಗೆ ಕಿಂಡರ್‌ಗಾರ್ಟನ್‌ನ ಮೊದಲ ದಿನವೇ 'ಯಾನಾಫಿ' ಆದಳು. ಎರಡನೇ ವಾರದಲ್ಲಿ ಟೀಚರ್ ನಗುತ್ತಾ, "ಯಾನಾ ಅಂತ ಕರೀಬಹುದಾ?" ಅಂದರು. ನನಗೆ ಭಾಷೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ, ಸುಮ್ನೆ ತಲೆ ಆಡಿಸಿದೆ. ಬಟ್ಟೆ ನೇತುಹಾಕುವ ಗೂಟದ ಮೇಲೆ ಒಂದು ಕಪ್ಪೆ ಚಿತ್ರ, ಕೆಳಗೆ 'ಯಾನಾ'. ಮೂರು ವರ್ಷ ಅದೇ ಗೂಟ. ಮಗಳಿಗೆ ನಾಲ್ಕಾದಾಗ, "ಅಪ್ಪಾ, ನಾನು ಇಲ್ಲಿ ಯಾನಾ, ಮನೇಲಿ ಜಾನು" ಅಂದಳು. ಅವಳಿಗೆ ಅದರಲ್ಲಿ ಏನೂ ಬೇಸರ ಇರಲಿಲ್ಲ. ನನಗೇ ಹೊಟ್ಟೆಯಲ್ಲಿ ಏನೋ ಆಯಿತು. ತಪ್ಪು ಟೀಚರದ್ದಲ್ಲ, ತಲೆ ಆಡಿಸಿದ್ದು ನಾನು.

ಎರಡನೇ ಸಲ ಬುದ್ಧಿ ಬಂತು ಅಂದುಕೊಂಡು ಸುಲಭದ ಹೆಸರು ಹುಡುಕಿದೆವು. ಮನು. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ, ಯಾರೂ ತಪ್ಪು ಓದಲ್ಲ. ಆದರೆ ಇಲ್ಲಿ ಮನು ಅಂದರೆ ಮಾನುಯೆಲ್ ಅನ್ನುವುದರ ಮುದ್ದಿನ ಹೆಸರು. ಗೋಲ್‌ಕೀಪರ್ ಮಾನುಯೆಲ್ ನೋಯರ್‌ಗೂ ಜನ ಮನು ಅಂತಲೇ ಕರೆಯುತ್ತಾರೆ. "ಪೂರ್ತಿ ಹೆಸರು ಹೇಳಿ" ಅಂತ ಕೇಳಿಸಿಕೊಂಡು ಸಾಕಾಗಿದೆ. ಒಮ್ಮೆ ಹಲ್ಲಿನ ಡಾಕ್ಟರ ಕಡೆಯಿಂದ ಮಾನುಯೆಲ್ ಹೆಸರಿಗೇ ಕಾಗದ ಬಂತು. ನಿಜ ಹೇಳಬೇಕೆಂದರೆ, ಸುಲಭ ಇರಲಿ ಅಂತ ಇಟ್ಟ ಹೆಸರಿನ ಬಗ್ಗೆಯೇ ನನಗೆ ಬೇಸರ ಜಾಸ್ತಿ. ಜಾಹ್ನವಿಯನ್ನು ತಿದ್ದುವಾಗ ಅಮ್ಮನ ಮುಖ ನೆನಪಾಗುತ್ತೆ. ಮನುವನ್ನು ತಿದ್ದುವಾಗ ಏನೂ ನೆನಪಾಗಲ್ಲ.

ಈಗ ನಿಮ್ಮ ನೃಪತುಂಗನಿಗೆ ಬರೋಣ. ರಾಷ್ಟ್ರಕೂಟರ ದೊರೆ, ದೊಡ್ಡ ಹೆಸರು, ನಿಮ್ಮ ಅಭಿಮಾನ ಅರ್ಥ ಆಗುತ್ತೆ. ಆದರೆ ಬರೆದು ನೋಡಿ. ಶುರುವಿಗೇ 'ಎನ್' ಮತ್ತು 'ಆರ್'. ಜರ್ಮನ್‌ನಲ್ಲಿ ಆ ಎರಡು ಅಕ್ಷರ ಒಟ್ಟಿಗೆ ಬಂದರೆ 'ನಂಬರ್' ಅಂತ ಅರ್ಥ, ಮನೆ ನಂಬರ್ ಬರೆಯೋದು ಹಾಗೇ. ಕೊನೆಗೆ 'ಎ'. ಗಂಡಸರ ಹೆಸರು 'ಎ'ಯಲ್ಲಿ ಮುಗಿಯುವುದು ಇವರಿಗೆ ಅಪರೂಪ. ನಮ್ಮ ಕೃಷ್ಣ, ಆದಿತ್ಯ, ಸೂರ್ಯ ಎಲ್ಲರಿಗೂ ಇಲ್ಲಿ 'ಶ್ರೀಮತಿ' ಅಂತ ಕಾಗದ ಬರುತ್ತೆ. ನಿಮ್ಮ ಹುಡುಗ 'ನಂಬರ್ ಉಪತುಂಗಾ ಮೇಡಂ' ಆಗುತ್ತಾನೆ. ನೀವು ಮೂರನೇ ತಿಂಗಳಿಗೆ ತಿದ್ದೋದು ಬಿಡುತ್ತೀರಿ, ಆಮೇಲೆ ಅವನು 'ನಿಕೋ' ಅಂತ ಆಗುತ್ತಾನೆ. ಬೇಕಾದರೆ ಬೆಟ್ ಕಟ್ಟಿ.

ವಿಹಾನ್‌ಗೂ ಒಂದು ತಮಾಷೆ ಇದೆ, ಗೊತ್ತಿರಲಿ. ಜರ್ಮನ್‌ನಲ್ಲಿ 'ವೀ' ಅಂದರೆ 'ಹಾಗೆ', 'ಹಾನ್' ಅಂದರೆ ಹುಂಜ. ಹುಂಜದ ಹಾಗೆ! ನಮ್ಮ ಪಕ್ಕದ ಮನೆಯ ಅಜ್ಜಿ ಇನ್ನೊಬ್ಬ ವಿಹಾನ್ ಹೆಸರು ಕೇಳಿ ಕೊಕ್ಕೊಕ್ಕೋ ಅಂದುಬಿಟ್ಟರು. ಇದಕ್ಕೋಸ್ಕರ ಹೆಸರು ಬಿಡಬೇಕಾಗಿಲ್ಲ, ಆ ಹುಡುಗನಿಗೆ ಅಜ್ಜಿ ಕಂಡರೆ ಪ್ರಾಣ. ನಿಜವಾಗಿ ಬಿಡಬೇಕಾದ ಹೆಸರೂ ಇದೆ, 'ಅರ್ಶ್'. ಅದು ಇಲ್ಲಿ ಕುಂಡೆಗೆ ಹೇಳುವ ಬೈಗುಳ. (ಹಾಗೆ ನೋಡಿದರೆ ಜನನ ಪ್ರಮಾಣಪತ್ರಕ್ಕೇ ಇಲ್ಲಿ 'ಗೆಬುರ್ಟ್ಸ್‌ಉರ್ಕುಂಡೆ' ಅಂತಾರೆ. ಕಚೇರಿಯಲ್ಲಿ ನಗಬೇಡಿ, ನಾನು ನಕ್ಕು ನನ್ನ ಹೆಂಡತಿ ಕೈಯಲ್ಲಿ ಚಿವುಟಿಸಿಕೊಂಡಿದ್ದೇನೆ.)

ಇದಕ್ಕಿಂತ ಮುಖ್ಯವಾದದ್ದು ನೀವು ಕೇಳೇ ಇಲ್ಲ. ನಿಮ್ಮ ಪಾಸ್‌ಪೋರ್ಟ್ ತೆಗೆದು ಸರ್‌ನೇಮ್ ಜಾಗ ನೋಡಿ. ನಮ್ಮ ಕಡೆಯವರಿಗೆ ಇನಿಷಿಯಲ್ ಇರುತ್ತೆ, ಸರ್‌ನೇಮ್ ಇರಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಅಲ್ಲಿ ಅಪ್ಪನ ಹೆಸರಿದೆ, ಹನುಮಂತಪ್ಪ. ಇಲ್ಲಿ ಅದೇ ನಮ್ಮ ವಂಶದ ಹೆಸರಾಯಿತು. ನನ್ನ ಮಗಳು ಈಗ ಜಾಹ್ನವಿ ಹನುಮಂತಪ್ಪ. ಶಾಲೆಯಲ್ಲಿ ನನ್ನ ಹೆಂಡತಿಯನ್ನೂ 'ಶ್ರೀಮತಿ ಹನುಮಂತಪ್ಪ' ಅನ್ನುತ್ತಾರೆ, ಅವಳು ಮಾವನವರನ್ನು ನೆನೆದು ಎದ್ದು ನಿಲ್ಲುತ್ತಾಳೆ. ಫೋನಿನಲ್ಲಿ ಹದಿಮೂರು ಅಕ್ಷರ ಬಿಡಿಸಿ ಹೇಳಬೇಕು: ಹೈನ್‌ರಿಶ್‌ನ ಎಚ್, ಆಂಟೋನ್‌ನ ಎ, ನೋರ್ಡ್‌ಪೋಲ್‌ನ ಎನ್... ಅಷ್ಟು ಹೊತ್ತಿಗೆ ಆ ಕಡೆಯವರು ನಿಟ್ಟುಸಿರು ಬಿಟ್ಟಿರುತ್ತಾರೆ. ಹಿಂದೆ ಇಂಥ ರೈಲು ಬೋಗಿ ಇದ್ದರೆ ಮುಂದಿನ ಹೆಸರು ಚಿಕ್ಕದಿರಲಿ. ನಿಮ್ಮ ಸರ್‌ನೇಮ್ ಜಾಗ ಖಾಲಿ ಇದ್ದರಂತೂ ಮಗು ಹುಟ್ಟುವ ಮುಂಚೆಯೇ ಊರಿನ ಜನನ ನೋಂದಣಿ ಕಚೇರಿಗೆ, ಅಂದರೆ ಸ್ಟಾಂಡೆಸ್‌ಆಮ್ಟ್‌ಗೆ, ಹೋಗಿ ಕೇಳಿ. 2025ರ ಮೇ 1ರಿಂದ ಕಾನೂನು ಬದಲಾಗಿದೆ. ಎಲ್ಲಿ ವಾಸವೋ ಅಲ್ಲಿನ ಕಾನೂನಿನ ಪ್ರಕಾರ ಹೆಸರು, ಬೇಕಿದ್ದರೆ ನಮ್ಮ ದೇಶದ ಕಾನೂನನ್ನು ಆರಿಸಿಕೊಳ್ಳಬಹುದು. ಯಾವುದು ನಿಮಗೆ ಅನುಕೂಲ ಅನ್ನೋದು ನಿಮ್ಮಿಬ್ಬರ ಪಾಸ್‌ಪೋರ್ಟ್ ನೋಡಿದವರೇ ಹೇಳಬೇಕು.

"ಇಲ್ಲಿ ಸರ್ಕಾರ ಹೆಸರು ಒಪ್ಪಲ್ವಂತೆ" ಅಂತ ಯಾರೋ ನಿಮ್ಮನ್ನು ಹೆದರಿಸಿದ್ದಾರೆ. ಮಗುವಿಗೆ ಅವಮಾನ ಆಗುವಂಥ ಹೆಸರಾದರೆ ಬೇಡ ಅನ್ನಬಹುದು, ನಿಜ. ಹಿಂದೆ ಹೆಸರು ಕೇಳಿದರೆ ಗಂಡೋ ಹೆಣ್ಣೋ ಗೊತ್ತಾಗಬೇಕು ಅಂತಲೂ ಹಠ ಹಿಡಿಯುತ್ತಿದ್ದರು. ಅದನ್ನು ಮುರಿದದ್ದು ನಮ್ಮದೇ ಹೆಸರು, ಕಿರಣ್! ಒಬ್ಬ ಹೆಣ್ಣುಮಗುವಿಗೆ ಆ ಹೆಸರು ಆಗಲ್ಲ ಅಂದಾಗ ಅಪ್ಪ ಅಮ್ಮ ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯದವರೆಗೆ ಹೋದರು. 2008ರ ಡಿಸೆಂಬರ್ 5ರಂದು ಕೋರ್ಟು ಅವರ ಪರ ಹೇಳಿತು. ಕಿರಣ್ ಮಜುಂದಾರ್ ಶಾ ಅವರನ್ನು ನೋಡಿ ಬೆಳೆದ ನಮಗೆ ಇದಕ್ಕೆ ಕೋರ್ಟು ಬೇಕಿರಲಿಲ್ಲ, ಅಲ್ವಾ? ಈಗ ನಿಮ್ಮ ಎರಡು ಹೆಸರಿಗೂ ತೊಂದರೆ ಇಲ್ಲ. ಬೇಕಿದ್ದರೆ ಅರ್ಥ ವಿವರಿಸಿ ಒಂದು ಸಾಲು ಬರೆದುಕೊಂಡು ಹೋಗಿ.

ಸಮಯದ ವಿಷಯಕ್ಕೂ ಗಾಬರಿ ಬೇಡ. ಹುಟ್ಟಿದ್ದನ್ನು ಒಂದು ವಾರದಲ್ಲಿ ತಿಳಿಸಬೇಕು, ಆಸ್ಪತ್ರೆಯಲ್ಲಿ ಹುಟ್ಟಿದರೆ ಅವರೇ ಕಳಿಸುತ್ತಾರೆ. ಹೆಸರು ತಿಳಿಸಲು ಒಂದು ತಿಂಗಳವರೆಗೆ ಅವಕಾಶ ಇದೆ. ಅಂದರೆ ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ನಾಮಕರಣ ಮಾಡಿ ಆಮೇಲೆ ಹೆಸರು ಕೊಡಬಹುದು. ಆದರೆ ಆಸ್ಪತ್ರೆಯಲ್ಲಿ ಎರಡನೇ ದಿನವೇ ಫಾರ್ಮ್ ಮುಂದೆ ಇಡುತ್ತಾರೆ, ನಿದ್ದೆಗಣ್ಣಲ್ಲಿ ಬರೆಯಬೇಡಿ. ನಾನು ಬರೆದೆ. ಜಾಹ್ನವಿಯ 'ಎಚ್' ಎಲ್ಲೋ ಬಿದ್ದುಹೋಯಿತು, ನೋಡದೆ ಸಹಿ ಮಾಡಿದೆ, ಸರಿ ಮಾಡಿಸೋಕೆ ಮೂರು ತಿಂಗಳು ಅಲೆದೆ. ಭಾರತದ ಪೌರತ್ವಕ್ಕೆ ಒಂದು ವರ್ಷದ ಒಳಗೆ ನಮ್ಮ ಕಾನ್ಸುಲೇಟ್‌ನಲ್ಲೂ ನೋಂದಣಿ ಮಾಡಿಸಬೇಕು, ಎರಡೂ ಕಡೆ ಸ್ಪೆಲ್ಲಿಂಗ್ ಒಂದೇ ಇರಲಿ.

ರೋಹಿಣಿ ಬಂದರೆ 'ವಿ', ಬೇರೆ ನಕ್ಷತ್ರ ಆದರೆ ಏನು ಮಾಡೋದು ಅಂತ ನಿಮ್ಮ ಅತ್ತೆ ಈಗಲೇ ಚಿಂತೆ ಮಾಡುತ್ತಿದ್ದಾರಂತೆ. ನಮ್ಮ ಸಂಪ್ರದಾಯದಲ್ಲೇ ಪರಿಹಾರ ಇದೆ. ನಾಮಕರಣದಲ್ಲಿ ದೇವರ ಹೆಸರು, ಮಾಸದ ಹೆಸರು, ನಕ್ಷತ್ರದ ಹೆಸರು, ಕರೆಯುವ ಹೆಸರು ಅಂತ ನಾಲ್ಕು ಇಡುತ್ತಾರೆ. ಕರೆಯುವುದು ಒಂದನ್ನು ಮಾತ್ರ. ಉಳಿದದ್ದು ಅಕ್ಕಿಯ ಮೇಲೆ ಬರೆದು, ಕಿವಿಯಲ್ಲಿ ಹೇಳಿದರೆ ಆಯಿತು. ನಿಮ್ಮ ನೃಪತುಂಗನನ್ನೂ ಅಲ್ಲೇ ಹೇಳಿ, ಮೂರು ಸಲ, ಗಟ್ಟಿಯಾಗಿ. ಕಾಗದದ ಮೇಲೆ ವಿಹಾನ್ ಇರಲಿ. ನನ್ನ ಓಟು ನಿಮ್ಮ ಹೆಂಡತಿಗೆ. ಹೆಸರು ಚೆನ್ನಾಗಿದೆ ಅಂತಲ್ಲ, ನಾನೂ ಅದನ್ನು ಕೇಳಿ ಕೇಳಿ ಬೇಸತ್ತಿದ್ದೇನೆ. ಆದರೆ ಆ ಹೆಸರಿಗಾಗಿ ಅವರು ಜಗಳ ಆಡೋಕೆ ತಯಾರಿದ್ದಾರೆ ಅಂತ ನಿಮ್ಮ ಪತ್ರದಲ್ಲೇ ಗೊತ್ತಾಗುತ್ತೆ. ಮೊದಲ ವಾರ ಟೀಚರ್ ಬಾಗಿಲಲ್ಲಿ ಕೇಳಿದಾಗ ಅವರನ್ನೇ ಕಳಿಸಿ, ನೀವು ಹೋಗಬೇಡಿ.

ಜಾನುಗೆ ಈಗ ಹನ್ನೊಂದು. ಹೋದ ವರ್ಷ ಹೊಸ ಶಾಲೆಗೆ ಸೇರಿದಾಗ ಹಾಜರಿ ಕರೆಯುವ ಮೇಷ್ಟ್ರು 'ಯಾ...' ಅಂದರಂತೆ. ಇವಳು ಎದ್ದು, "ಯ ಅಲ್ಲ, ಜ. ಜೀನ್ಸ್‌ನಲ್ಲಿ ಬರುವ ಜ" ಅಂದಳಂತೆ. ಇಲ್ಲಿನವರು ಜೀನ್ಸ್ ಅನ್ನು ಸರಿಯಾಗಿ ಜೀನ್ಸ್ ಅಂತಲೇ ಹೇಳುತ್ತಾರೆ. ಅಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ತೊಟ್ಟಿಲಿಗೆ ಒದ್ದಾಡಬೇಡಿ. ಬಾಡಿಗೆ ಮನೆಯ ತಾರಸಿಯಲ್ಲಿ ಕೊಂಡಿ ಹಾಕೋಕೆ ಬಿಡಲ್ಲ. ನಮ್ಮ ಹತ್ರ ಸ್ಟ್ಯಾಂಡಿನ ಮೇಲೆ ತೂಗುವ ಮರದ ತೊಟ್ಟಿಲಿದೆ, ಐದು ಮಕ್ಕಳಿಗೆ ಆಗಿದೆ, ಒಂದು ಸ್ಕ್ರೂ ಮಾತ್ರ ಸಡಿಲ. ಅಕ್ಟೋಬರ್‌ನಲ್ಲಿ ಬಂದು ತಗೊಂಡು ಹೋಗಿ.