ಬಾವಿ ಗೋಡೆಗೆ ಗನೈಟ್ ಸಾಕಾ?

ಪ್ರಶ್ನೆ: ಗದಗ ತಾಲ್ಲೂಕಿನ ನಮ್ಮ ಹೊಲದಲ್ಲಿ 40 ಅಡಿ ಆಳದ ಹಳೇ ಬಾವಿ ಇದೆ. ಮೇಲೆ 6 ಅಡಿ ಎರೆ ಮಣ್ಣು, ಕೆಳಗೆಲ್ಲ ಗರಸು. ಪ್ರತಿ ಮಳೆಗಾಲಕ್ಕೂ ಗರಸು ಉದುರುತ್ತದೆ. ಒಬ್ಬ ಗುತ್ತಿಗೆದಾರರು ಗನೈಟ್ (ಸಿಮೆಂಟು, ಉಸುಕನ್ನು ಗಾಳಿಯ ಒತ್ತಡದಿಂದ ಗೋಡೆಗೆ ಸಿಡಿಸಿ ಮೆತ್ತುವುದು) ಹೊಡೆಯೋಣ ಅಂತಾರೆ. ಇನ್ನೊಬ್ಬರು ಅದು ಹಳೇ ಪದ್ಧತಿ, ಕಲಸಿದ ಕಾಂಕ್ರೀಟನ್ನೇ ಪಂಪಿನಿಂದ ಹೊಡೆಸಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಗನೈಟ್ ಸಾಕು. ಹಳೇದು ಅನ್ನೋದು ನಿಜ. ಅಮೆರಿಕದ ಕಾರ್ಲ್ ಏಕ್ಲಿ 1911ರಲ್ಲೇ ಅದರ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಅವರ ಕಸುಬು ಮ್ಯೂಸಿಯಂಗೆ ಸತ್ತ ಪ್ರಾಣಿಗಳ ಗೊಂಬೆ ಮಾಡುವುದು!

ಗನೈಟ್‌ನಲ್ಲಿ ಸಿಮೆಂಟು, ಉಸುಕು ಒಣದಾಗಿಯೇ ಪೈಪಿನಲ್ಲಿ ಬರುತ್ತವೆ. ನೀರು ಸೇರುವುದು ಪೈಪಿನ ತುದಿಯ ನಾಝಲ್‌ನಲ್ಲಿ. ಇನ್ನೊಂದರಲ್ಲಿ ಮೊದಲೇ ನೀರು ಹಾಕಿ ಕಲಸಿ, ಪಂಪಿನಿಂದ ತಳ್ಳಿ, ನಾಝಲ್‌ನಲ್ಲಿ ಗಾಳಿ ಕೊಡುತ್ತಾರೆ. ಧೂಳು ಕಡಿಮೆ, ಗೋಡೆಗೆ ಬಡಿದು ಉದುರುವ ಮಾಲೂ ಕಡಿಮೆ. ಸುರಂಗದಂಥ ದೊಡ್ಡ ಕೆಲಸಕ್ಕೆ ಅದೇ ಚೆನ್ನ. ಆದರೆ ಬಾವಿಯಲ್ಲಿ ಅಟ್ಟಣಿಗೆ ಸರಿಸಲು ಆಗಾಗ ನಿಲ್ಲಿಸಬೇಕು. ಕಲಸಿದ ಕಾಂಕ್ರೀಟು ಅಲ್ಲಿಯವರೆಗೆ ಕಾಯಬೇಕಲ್ವಾ? ಗನೈಟ್ ಯಂತ್ರವನ್ನು ಬೇಕಾದಾಗ ನಿಲ್ಲಿಸಿ ಮತ್ತೆ ಶುರು ಮಾಡಬಹುದು.

ತೊಂದರೆ ಒಂದೇ. ನೀರಿನ ಅಳತೆ ನಾಝಲ್ ಹಿಡಿದವನ ಕೈಯಲ್ಲಿದೆ. ಕಡಿಮೆಯಾದರೆ ಉಸುಕು ಸಿಡಿದು ಬೀಳುತ್ತದೆ, ಜಾಸ್ತಿಯಾದರೆ ಗೋಡೆಯಿಂದ ಜಾರುತ್ತದೆ. ಹಾಗಾಗಿ ರೇಟು ಮಾತಾಡುವ ಮೊದಲು ಅವನು ಮಾಡಿದ ಕೆಲಸ ನೋಡಿ ಬನ್ನಿ. ನಾಝಲ್ ಗೋಡೆಗೆ ನೇರವಾಗಿ, ಮೂರು–ನಾಲ್ಕು ಅಡಿ ದೂರದಲ್ಲಿರಬೇಕು. ಕೆಳಗೆ ತಾಡಪತ್ರಿ ಹಾಸಿ. ಅದರ ಮೇಲೆ ಬಿದ್ದದ್ದರಲ್ಲಿ ಉಸುಕೇ ಜಾಸ್ತಿ, ಸಿಮೆಂಟು ಕಡಿಮೆ. ಅದನ್ನೇ ಮತ್ತೆ ಯಂತ್ರಕ್ಕೆ ಸುರಿಯಲು ಬಿಡಬೇಡಿ.

ಸಡಿಲ ಗರಸು ಕೆರೆದು, ತಂತಿ ಜಾಳಿಗೆ ಬಿಗಿದ ಮೇಲೆಯೇ ಹೊಡೆಸಿ. ನೀರಿನ ಸೆಲೆ ಇರುವ ಕಡೆಯೆಲ್ಲ ಪೈಪಿನ ತುಂಡು ಇಟ್ಟು ದಾರಿ ಬಿಡಿ. ಸೆಲೆ ಮುಚ್ಚಿದರೆ ಬಾವಿಗೆ ನೀರೂ ಬರಲ್ಲ, ಮಳೆಗಾಲದಲ್ಲಿ ಹಿಂದಿನ ನೀರು ಗನೈಟನ್ನೇ ತಳ್ಳಿಬಿಡುತ್ತದೆ.

ಮೇಲಿನ 6 ಅಡಿಗೆ ಮಾತ್ರ ಗನೈಟ್ ಬೇಡವೇ ಬೇಡ. ಎರೆ ಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುತ್ತದೆ. ಎರಡು–ಮೂರು ಇಂಚಿನ ಪದರ ಅದನ್ನು ತಡೆಯಲ್ಲ. ಅಲ್ಲಿ ಕಲ್ಲು ಕಟ್ಟಿಸಿ, ಹಿಂದೆ ಗರಸು ತುಂಬಿಸಿ.

ಗಾಳಿ ಒತ್ತುವ ಕಂಪ್ರೆಸರ್‌ನ ಡೀಸೆಲ್ ಹೊಗೆ ಬಾವಿಗೆ ಇಳಿದರೆ ಒಳಗಿದ್ದವರ ಜೀವಕ್ಕೇ ಅಪಾಯ. ಅದನ್ನು ದೂರವೇ ನಿಲ್ಲಿಸಿ. ಕೆಲಸ ಮುಗಿದ ಮೇಲೆ ಕನಿಷ್ಠ 7 ದಿನ ನೀರು ಹೊಡೆಯಿರಿ. ನಿಮ್ಮ ಕಡೆಯ ಬೇಸಿಗೆ ಗಾಳಿಗೆ ಹತ್ತು ದಿನವಾದರೂ ಜಾಸ್ತಿಯಾಗಲ್ಲ.